ನೋವಿಗೊಂದು ಹೊತ್ತು

ಈಚೆಗೆ ಮಂಡಿನೋವೆಂದು ಡಾಕ್ಟರ ಬಳಿ ಹೋದವರಿಗೆಲ್ಲ ಒಂದು ಪ್ರಶ್ನೆ ಕಾದಿರುತ್ತದೆ. "ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡುತ್ತೀರಮ್ಮ?" ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಅಂಕ ಕೊಟ್ಟೇ ಬದುಕಿದ ನನಗೆ ಇದು ಸುಲಭದ ಪ್ರಶ್ನೆಯಾಗಬೇಕಿತ್ತು. ಆಗಲಿಲ್ಲ. ನನಗೆ ಬರುವ ಕನ್ನಡದಲ್ಲಿ ನೋವು ಅಂಕಗಳಾಗಿ ಬರುವುದೇ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅದು ಹಿಡಿತ, ಮೆಟ್ಟಿಲಿಳಿಯುವಾಗ ಚಳುಕು, ಬಹಳ ಹೊತ್ತು ಕೂತು ಎದ್ದರೆ ಜೋಮು, ರಾತ್ರಿ ದೀಪ ಆರಿಸಿದ ಮೇಲೆ ಸೆಳೆತ. ಇವುಗಳನ್ನೆಲ್ಲ ಕೂಡಿ ಭಾಗಿಸಿ ಒಂದು ಸಂಖ್ಯೆ ಹೇಳುವುದು ಹೇಗೆ? ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ನನ್ನ ಮುಖ ನೋಡಿ ತಾವೇ "ಆರು" ಎಂದು ಬರೆದುಕೊಂಡರು. ಪಾಸಾದೆನೆಂದು ಕಾಣುತ್ತದೆ.

ನಮ್ಮ ಪಕ್ಕದ ಮನೆಯ ಪಾಟಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಅವರಿಗೆ ಎಂಬತ್ತು ದಾಟಿದೆ. ಗಣಿಯೊಳಗೆ ಡ್ರಿಲ್ ಹಿಡಿಯುತ್ತಿದ್ದ ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ತಮಿಳಿನಲ್ಲಿ ನೋವಿಗೆ 'ವಲಿ' ಎನ್ನುತ್ತಾರೆ. ಹಳೆಯ ತಮಿಳಿನಲ್ಲಿ ಬಲಕ್ಕೂ ಅದೇ ಮಾತಂತೆ. ಚರ್ಚಿನ ಸ್ಕೂಲಿನಲ್ಲಿ ನಾಲ್ಕನೆಯ ಕ್ಲಾಸು ಓದಿದ ಪಾಟಿಗೆ ಇದು ಗೊತ್ತು, ಆದರೆ ಇದರಲ್ಲಿ ಏನೂ ದೊಡ್ಡ ಅರ್ಥವಿದೆಯೆಂದು ಅವರು ನಂಬುವುದಿಲ್ಲ. "ಬಲ ಇದ್ದಾಗ ವಲಿ ಇರಲಿಲ್ಲ, ವಲಿ ಬಂದಾಗ ಬಲ ಹೋಯಿತು, ಅಷ್ಟೇ ಟೀಚರ್" ಎಂದರು. ನಮ್ಮ ಊರಿಗಾಂನಲ್ಲಿ ಹೀಗೆ ಅರ್ಧ ಕನ್ನಡ, ಅರ್ಧ ತಮಿಳು, ನಡುವೆ ಒಂದಿಷ್ಟು ತೆಲುಗು ಸೇರಿಸಿ ಮಾತಾಡಿದರೆ ಮಾತ್ರ ಮಾತು ಪೂರ್ತಿಯಾಗುವುದು.

ನಾನು ಈ ಊರಿಗೆ ಸೊಸೆಯಾಗಿ ಬಂದದ್ದು 1978ರಲ್ಲಿ. ಆಗ ಗಣಿಗಳು ನಡೆಯುತ್ತಿದ್ದವು. ಯಜಮಾನರು ಲೆಕ್ಕಪತ್ರದ ಆಫೀಸಿನಲ್ಲಿದ್ದುದರಿಂದ ಭೂಮಿಯೊಳಗೆ ಇಳಿಯುವ ಗ್ರಹಚಾರ ನಮ್ಮ ಮನೆಗೆ ಇರಲಿಲ್ಲ. ಆದರೆ ಪಾಳಿ ಬದಲಾಗುವ ಸಂಗು ಊದಿದಾಗ, ಎಲ್ಲೋ ಮೂರು ಕಿಲೋಮೀಟರ್ ಆಳದಲ್ಲಿ ಬಂಡೆ ಸಿಡಿದು ನಮ್ಮ ಅಡುಗೆಮನೆಯ ಪಾತ್ರೆಗಳು ಗಲಗಲ ಎಂದಾಗ, ಸಾಲುಮನೆಗಳ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಬೀದಿಗೆ ಬಂದು ನಿಲ್ಲುತ್ತಿದ್ದುದನ್ನು ನೋಡಿದ್ದೇನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಸಂಗೂ ಇಲ್ಲ, ಪಾತ್ರೆಗಳ ಗಲಗಲವೂ ಇಲ್ಲ. ಬೇಸಿಗೆಯ ಗಾಳಿಗೆ ಸೈನೈಡ್ ದಿಣ್ಣೆಗಳಿಂದ ಏಳುವ ಬೂದು ಧೂಳು ಮಾತ್ರ ಹಾಗೆಯೇ ಇದೆ.

ಇಲ್ಲಿನ ಗಂಡಸರ ನೋವಿಗೆ ಒಂದು ಹೆಸರಿತ್ತು, ಒಂದು ದಾಖಲೆಯಿತ್ತು. ಬೆಣಚುಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಮಾಡುವ ಸಿಲಿಕೋಸಿಸ್ ರೋಗ. 1940ರ ದಶಕದಲ್ಲಿ ಈ ಗಣಿಗಳ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕಂಡಿತ್ತು. ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಇಂದಿಗೂ ನಮ್ಮ ಊರಿನ ಹೆಸರು ಚಿನ್ನಕ್ಕಾಗಿ ಅಲ್ಲ, ಇದಕ್ಕಾಗಿ ಬರುತ್ತದೆ. ಆ ಎಣಿಕೆಯಿಂದ ಎಷ್ಟು ಜನರಿಗೆ ಎಷ್ಟು ಉಪಕಾರವಾಯಿತೆಂಬುದು ಬೇರೆ ಮಾತು. ಎಣಿಸಿದರಲ್ಲ, ಅದೇ ಒಂದು.

ಹೆಂಗಸರ ಮಂಡಿಗಳನ್ನು ಯಾರೂ ಎಣಿಸಲಿಲ್ಲ. ಶಿವನಸಮುದ್ರದಿಂದ 1902ರಲ್ಲೇ ಇಲ್ಲಿಗೆ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬರುವುದಕ್ಕೆ ಮೂರು ವರ್ಷ ಮೊದಲೇ ಬಂದದ್ದೆಂದು ನಮ್ಮವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನೂ ಮಕ್ಕಳಿಗೆ ಪಾಠದಲ್ಲಿ ಹೇಳಿದ್ದೇನೆ. ಆದರೆ ಆ ವಿದ್ಯುತ್ತು ಗಣಿಯ ಯಂತ್ರಗಳಿಗೆ ಬಂದದ್ದು. ಸಾಲುಮನೆಯ ಹೆಂಗಸು ಬೀದಿಯ ನಲ್ಲಿಯಿಂದ ಸೊಂಟದ ಮೇಲೆ ಒಂದು, ಕೈಯಲ್ಲಿ ಒಂದು ಕೊಡ ಹೊತ್ತು ತರುವುದು ತಪ್ಪಲಿಲ್ಲ. ಒಂದೇ ಸೊಂಟದ ಮೇಲೆ, ಒಂದೇ ಕಡೆಗೆ ವಾಲಿ, ನಲವತ್ತು ವರ್ಷ. ಪಾಟಿಯ ನಡಿಗೆಯನ್ನು ಹಿಂದಿನಿಂದ ನೋಡಿದರೆ ಇಲ್ಲದ ಕೊಡ ಇನ್ನೂ ಎಡಗಡೆಗೆ ಇದೆಯೇನೋ ಅನ್ನಿಸುತ್ತದೆ.

ನನ್ನನ್ನು ಬಹಳ ದಿನಗಳಿಂದ ಕಾಡಿದ ಪ್ರಶ್ನೆ ಇದು: ನೋವನ್ನು ಹೇಳದೆ ನುಂಗಿಕೊಳ್ಳುವುದು ಒಂದು ಗುಣವೇ? ನಮ್ಮನ್ನೆಲ್ಲ ಹಾಗೆಂದು ಬೆಳೆಸಿದ್ದಾರೆ. ನೀವೂ ಕೇಳಿರುತ್ತೀರಿ, "ಆಕೆ ಭೂಮಿತಾಯಿಯಂಥವಳು, ಒಂದು ದಿನ ಅಯ್ಯೋ ಎಂದವಳಲ್ಲ" ಎಂಬ ಹೊಗಳಿಕೆಯನ್ನು. ಹೆಚ್ಚಾಗಿ ಅದನ್ನು ಹನ್ನೊಂದನೆಯ ದಿನದ ಊಟದಲ್ಲಿ ಹೇಳುತ್ತಾರೆ.

ನಮ್ಮ ಅತ್ತೆಯವರ ಬಗ್ಗೆಯೂ ಹಾಗೆಯೇ ಹೇಳಿದರು. ಅವರು ಇದ್ದದ್ದು ಬಂಗಾರಪೇಟೆಯಿಂದಾಚೆಗಿನ ನಮ್ಮ ಹಳ್ಳಿಯಲ್ಲಿ, ದೊಡ್ಡ ಮೈದುನನ ಮನೆಯಲ್ಲಿ. ಕೆರೆ ಬತ್ತಿ, ಬಾವಿ ಬತ್ತಿ, ಎಂಬತ್ತರ ದಶಕದಲ್ಲಿ ಹಳ್ಳಿಗೆ ಕೊಳವೆಬಾವಿ ಬಂದಾಗ ಅತ್ತೆಯವರೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಕೆಲವು ವರ್ಷಗಳಾದ ಮೇಲೆ ಅವರ ಬೆನ್ನು ಬಿಗಿಯತೊಡಗಿತು. ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಕೂತರೆ ಏಳಲಾಗದು. ಕೇಳಿದರೆ "ವಯಸ್ಸಾಗಲಿಲ್ಲವೇ" ಎಂಬ ಒಂದೇ ಮಾತು. ಆಗ ಅವರಿಗೆ ಅರವತ್ತೂ ಆಗಿರಲಿಲ್ಲ. 1999ರಲ್ಲಿ ತೀರಿಕೊಂಡರು. ಊಟಕ್ಕೆ ಬಂದವರೆಲ್ಲ ಅವರ ಸಹನೆಯನ್ನು ಕೊಂಡಾಡಿದರು.

ಅದಾಗಿ ನಾಲ್ಕು ವರ್ಷಕ್ಕೆ ನನ್ನ ವಾರಗಿತ್ತಿಗೂ ಬೆನ್ನು ಬಿಗಿಯಿತು. ಅವಳು ಅತ್ತೆಯವರಷ್ಟು ಸಹನೆಯವಳಲ್ಲ, ಮನೆಯವರ ಪುಣ್ಯ. ದಿನಾ ಬೆಳಿಗ್ಗೆ ಕೂಗಾಡಿದಳು, ಗಂಡನ ಬೆನ್ನು ಹತ್ತಿ ಕೋಲಾರದಲ್ಲಿ ಎಕ್ಸ್‌ರೇ ತೆಗೆಸಿದಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಲ್ಲಿಯ ನೀರು ಕುಡಿಯುತ್ತೀರಿ?" ಎರಡನೆಯದು, "ಮನೆಯಲ್ಲಿ ಇನ್ನು ಯಾರಿಗಾದರೂ ಹೀಗೆ ಆಗಿತ್ತೇ?" ಆಗ ಎಲ್ಲರಿಗೂ ಅತ್ತೆಯವರ ನೆನಪಾಯಿತು. ಕೋಲಾರ ಜಿಲ್ಲೆಯ ಆಳದ ಕಲ್ಲುಪದರಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಅದು ಒಳ್ಳೆಯದಲ್ಲ. ನಮ್ಮ ಕೊಳವೆಬಾವಿಯಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಮಕ್ಕಳಲ್ಲಿ ಅದು ಹಲ್ಲಿನ ಮೇಲೆ ಕಂದುಗೆರೆಯಾಗಿ ಕಾಣುತ್ತದೆ, ನನ್ನ ಕ್ಲಾಸಿನಲ್ಲೂ ಹಳ್ಳಿಗಳಿಂದ ಬರುವ ಮಕ್ಕಳು ನಕ್ಕರೆ ಗೆರೆ ಕಾಣುತ್ತಿತ್ತು. ದೊಡ್ಡವರಲ್ಲಿ ವರ್ಷಗಟ್ಟಲೆ ಎಲುಬಿನಲ್ಲಿ ಕೂತು, ಕೀಲುಗಳನ್ನೂ ಬೆನ್ನನ್ನೂ ಬಿಗಿಯುತ್ತದೆ. ನೋಡಿದವರಿಗೆ ಸಾಧಾರಣ ವಾತದ ಹಾಗೆಯೇ ಕಾಣುತ್ತದೆ. ಒಮ್ಮೆ ಎಲುಬು ಕೆಟ್ಟರೆ ಹಿಂದಕ್ಕೆ ಬರುವುದಿಲ್ಲ, ನೀರು ಬದಲಿಸಿದರೆ ಮುಂದೆ ಕೆಡುವುದು ತಪ್ಪುತ್ತದೆ. ಕುದಿಸಿದರೆ ಹೋಗುವಂಥದ್ದಲ್ಲ ಅದು.

ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ದಿನಗಳಲ್ಲಿ ಹಳ್ಳಿಯಲ್ಲಿ ಯಾರಿಗೆ ಏನು ಗೊತ್ತಿತ್ತು? ಆದರೂ ನಾನು ಲೆಕ್ಕ ಹಾಕದೆ ಇರಲಾರೆ. ಅತ್ತೆಯವರು ತಮ್ಮ ಬೆನ್ನಿನ ಬಗ್ಗೆ ಬಾಯಿಬಿಟ್ಟು ರಂಪ ಮಾಡಿದ್ದರೆ, ಹತ್ತು ವರ್ಷ ಮೊದಲೇ ಯಾರಾದರೂ ಆ ಪ್ರಶ್ನೆ ಕೇಳುತ್ತಿದ್ದರೇನೋ. ಆ ಹತ್ತು ವರ್ಷ ಮನೆಯ ಮಕ್ಕಳೆಲ್ಲ ಅದೇ ನೀರು ಕುಡಿದರು. ನೋವೆಂಬುದು ನನ್ನ ಒಬ್ಬಳ ಸೊತ್ತು, ಅದನ್ನು ನುಂಗಿದರೆ ನಷ್ಟ ನನಗೊಬ್ಬಳಿಗೇ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಅದು ಎಷ್ಟೋ ಸಲ ಇನ್ನೊಬ್ಬರಿಗೆ ಬಂದ ಕಾಗದ, ನಮ್ಮ ವಿಳಾಸಕ್ಕೆ ಬಂದಿರುತ್ತದೆ ಅಷ್ಟೇ.

ಶಾಸ್ತ್ರ ಬಲ್ಲವರು 'ತಿತಿಕ್ಷೆ' ಎಂಬ ಮಾತು ಹೇಳುತ್ತಾರೆ. ಶಂಕರಾಚಾರ್ಯರದೆಂದು ಹೇಳುವ ವಿವೇಕಚೂಡಾಮಣಿಯಲ್ಲಿ ಅದರ ಲಕ್ಷಣವಿದೆ: ದುಃಖಗಳಿಗೆ ಪ್ರತೀಕಾರ ಹುಡುಕದೆ, ಚಿಂತೆ ಗೋಳಾಟಗಳಿಲ್ಲದೆ ಸಹಿಸುವುದು. ದೊಡ್ಡ ಮಾತು, ನಿಜ. ಆದರೆ ಅದನ್ನು ಹೇಳಿದ್ದು ಮೋಕ್ಷ ಬೇಕೆಂದು ಮನೆಬಿಟ್ಟು ಹೊರಟ ಶಿಷ್ಯನಿಗೆ. ಅವನ ಮೇಲೆ ಅಡುಗೆಮನೆಯ ಭಾರವಿಲ್ಲ, ಅವನ ಕೊಳವೆಬಾವಿಯ ನೀರನ್ನು ಮೊಮ್ಮಕ್ಕಳು ಕುಡಿಯುವುದಿಲ್ಲ. ಆ ಮಾತನ್ನು ಅಲ್ಲಿಂದ ಎತ್ತಿ ತಂದು ಸೊಸೆಯಂದಿರ ಮೇಲೆ ಹೊರಿಸಿದವರು ಯಾರೋ! ಗೀತೆಯಲ್ಲೂ ಕೃಷ್ಣ ಅರ್ಜುನನಿಗೆ ಚಳಿ ಸೆಖೆಗಳನ್ನು, ಸುಖ ದುಃಖಗಳನ್ನು ಸಹಿಸು ಎನ್ನುತ್ತಾನೆ. ಸಹಿಸು ಎಂದು ಅಲ್ಲಿಗೇ ಬಿಡುವುದಿಲ್ಲ, ಎದ್ದು ನಿಲ್ಲು ಎಂದೂ ಹೇಳುತ್ತಾನೆ. ನಮಗೆ ಹೇಳುವವರು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ಈ ಎದ್ದು ನಿಲ್ಲುವ ವಿಷಯವೇ ಈಗ ನನ್ನ ನಿತ್ಯದ ಜಗಳ. ಡಾಕ್ಟರು "ಚಟುವಟಿಕೆಯಿಂದಿರಿ" ಎನ್ನುತ್ತಾರೆ. ಪಾಟಿಯ ಮುಂದೆ ಈ ಮಾತು ಆಡಿದರೆ ಅವರಿಗೆ ಸಿಟ್ಟು ಬರುತ್ತದೆ. "ಏಳು ವರ್ಷದ ಹುಡುಗಿಯಿಂದ ಇಲ್ಲಿಯವರೆಗೆ ನಾನು ಕೂತದ್ದು ಯಾವಾಗ? ಇನ್ನೂ ಚಟುವಟಿಕೆಯೇ?" ಅವರು ಹೇಳುವುದೂ ಸರಿ. ಆದರೆ ದುಡಿತ ಬೇರೆ, ವ್ಯಾಯಾಮ ಬೇರೆ. ದುಡಿತದಲ್ಲಿ ಮೈ ಕೆಲಸದ ಮಾತು ಕೇಳುತ್ತದೆ. ಕೊಡಕ್ಕೆ ಹೇಗೆ ಬೇಕೋ ಹಾಗೆ ಸೊಂಟ ವಾಲುತ್ತದೆ, ಒರಳಿಗೆ ಹೇಗೆ ಬೇಕೋ ಹಾಗೆ ಬೆನ್ನು ಬಾಗುತ್ತದೆ, ಸವೆದ ಜಾಗವೇ ಮತ್ತೆ ಸವೆಯುತ್ತದೆ. ವ್ಯಾಯಾಮವೆಂದರೆ ಕೆಲಸ ಸ್ವಲ್ಪ ಹೊತ್ತು ಮೈಯ ಮಾತು ಕೇಳುವುದು. ಕೀಲಿನೊಳಗಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಮಂಡಿ ಮಡಿಸಿ ಬಿಡಿಸಿದಾಗ, ಹಿಂಡಿ ಬಿಟ್ಟ ಸ್ಪಂಜಿನಂತೆ ಅದು ಕೀಲಿನ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಸುಮ್ಮನೆ ಕೂತರೆ ಅದಕ್ಕೆ ಉಪವಾಸ. ತೊಡೆಯ ಮುಂದಿನ ಸ್ನಾಯು ಗಟ್ಟಿಯಿದ್ದರೆ ಮಂಡಿಯ ಭಾರವನ್ನು ಅದು ಹಂಚಿಕೊಳ್ಳುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ನಾಲ್ಕು ಕಿಲೋದಷ್ಟು ಇಳಿಯುತ್ತದಂತೆ. ಇದನ್ನು ಕೇಳಿದ ದಿನದಿಂದ ನಾನು ರಾತ್ರಿ ಮುದ್ದೆಯ ಗಾತ್ರ ಇಳಿಸಿದ್ದೇನೆ. ಬಸ್ಸಾರಿನ ಮೇಲೆ ಇನ್ನೂ ಹತೋಟಿ ಬಂದಿಲ್ಲ.

ನಾನು ಮಾಡುವುದು ಬಹಳ ಸಣ್ಣದು. ಗೋಡೆಗೆ ಒತ್ತಿಟ್ಟ, ಕೈಯಿರುವ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಮಾಡಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸುವುದು, ಹತ್ತು ಸಲ. ಆಮೇಲೆ ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲು ಎರಡು ಸಲವೂ ಆಗುತ್ತಿರಲಿಲ್ಲ, ಈಗ ಎಂಟಕ್ಕೆ ಬಂದಿದ್ದೇನೆ. ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಬಟ್ಟೆ. ನಡಿಗೆಯನ್ನು ಒಂದೇ ಸಲ ಮುಗಿಸದೆ ಹತ್ತು ಹತ್ತು ನಿಮಿಷವಾಗಿ ಮುರಿದುಕೊಳ್ಳುವುದು. ಮಾಡಿದ ಮೇಲೆ ಸ್ವಲ್ಪ ನೋಯುವುದು ಸಹಜ. ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಅಥವಾ ಮರುದಿನ ಬೆಳಿಗ್ಗೆ ಹೆಚ್ಚಿದ್ದರೆ ಮಾಡಿದ್ದು ಅತಿಯಾಯಿತೆಂದು ಲೆಕ್ಕ. ಮಂಡಿ ಕೆಂಪಾಗಿ ಊದಿ ಸುಟ್ಟರೆ, ಜ್ವರ ಬಂದರೆ, ಕಾಲು ಮರಗಟ್ಟಿದರೆ ಇವೆಲ್ಲ ಬಿಟ್ಟು ಡಾಕ್ಟರ ಬಳಿಗೆ ಓಡಬೇಕು, ಅಂದರೆ ಆಟೋದಲ್ಲಿ. ಇನ್ನೊಂದು ಮಾತು: ಮೆಡಿಕಲ್ ಅಂಗಡಿಯವನು ಚೀಟಿಯಿಲ್ಲದೆ ಕೊಡುವ ನೋವಿನ ಮಾತ್ರೆಯನ್ನು ತಿಂಡಿಯಂತೆ ದಿನಾ ನುಂಗುವವರನ್ನು ನಮ್ಮ ಬೀದಿಯಲ್ಲೇ ನಾಲ್ಕು ಮಂದಿ ತೋರಿಸುತ್ತೇನೆ. ಈ ವಯಸ್ಸಿನಲ್ಲಿ ಅವು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತವೆ, ರಕ್ತದೊತ್ತಡ ಏರಿಸುತ್ತವೆ. ನೋವನ್ನು ನುಂಗುವುದು ಒಂದು ಬಗೆ, ನೋವಿನ ಮಾತ್ರೆಯನ್ನು ಗುಟ್ಟಾಗಿ ನುಂಗುವುದು ಅದರದೇ ತಂಗಿ.

ಎಲ್ಲಕ್ಕಿಂತ ಕಷ್ಟವಾದದ್ದು ಮಾತ್ರೆಯೂ ಅಲ್ಲ, ಕುರ್ಚಿಯೂ ಅಲ್ಲ, ಬರಿಗೈಯಲ್ಲಿ ನಡೆಯುವುದು. ನಮ್ಮಂಥ ಊರುಗಳಲ್ಲಿ ಹೆಂಗಸು ಬೀದಿಗಿಳಿದರೆ ಕೈಯಲ್ಲಿ ಏನಾದರೂ ಇರಬೇಕು. ಚೀಲ, ಹೂವಿನ ಬುಟ್ಟಿ, ಮೊಮ್ಮಗುವಿನ ಕೈ, ಕೊನೆಗೆ ಒಂದು ರೇಷನ್ ಕಾರ್ಡಾದರೂ. ನಾನು ಮೊದಲ ಸಲ ಸುಮ್ಮನೆ ಕೈಬೀಸಿಕೊಂಡು ಸ್ಟೇಷನ್ನಿನ ಕಡೆ ಹೊರಟಾಗ ಮೂವರು ನಿಲ್ಲಿಸಿ ಕೇಳಿದರು, "ಎಲ್ಲಿಗೆ ಟೀಚರ್?" ಎಲ್ಲಿಗೂ ಇಲ್ಲ ಎಂದರೆ ಅವರಿಗೆ ಗಾಬರಿ. ಎರಡನೆಯ ದಿನ ನಾನೇ ಒಂದು ಖಾಲಿ ಚೀಲ ಹಿಡಿದು ಹೊರಟೆ, ಯಾರೂ ಕೇಳಲಿಲ್ಲ. ಒಂದು ವಾರ ಆ ಖಾಲಿ ಚೀಲದೊಂದಿಗೆ ನಡೆದ ಮೇಲೆ ನಗು ಬಂತು. ನನ್ನ ಮಂಡಿಗಾಗಿ ನಡೆಯುವುದಕ್ಕೂ ಒಂದು ಸುಳ್ಳು ಸಾಕ್ಷಿ ಬೇಕೇ? ಚೀಲವನ್ನು ಮೊಳೆಗೆ ತೂಗುಹಾಕಿದೆ. ಈಗ ಬೀದಿಗೆ ಅಭ್ಯಾಸವಾಗಿದೆ.

ಸ್ಟೇಷನ್ನಿನಲ್ಲಿ ಒಂದು ಬೆಂಚಿದೆ. 1894ರಲ್ಲಿ ಗಣಿಗಳಿಗಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿ ಇದು. ಗಣಿ ಮುಚ್ಚಿದ ಮೇಲೆ ಇಡೀ ಊರನ್ನು ಬೆಂಗಳೂರಿನ ಕೆಲಸಕ್ಕೆ ಹೊತ್ತೊಯ್ದು ರಾತ್ರಿ ತಂದುಬಿಡುವ ಹಳಿಯೂ ಇದೇ. ಬೆಳಗಿನ ರೈಲಿಗೆ ಓಡುವ ಹೆಣ್ಣುಮಕ್ಕಳು ಎಷ್ಟೋ ಮಂದಿ ನನ್ನ ಹಳೆಯ ವಿದ್ಯಾರ್ಥಿನಿಯರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಜಡೆ. ಹತ್ತಿದ ಮೇಲೆ ಜಡೆ ಹೆಣೆದುಕೊಳ್ಳುತ್ತಾರೆ. ಹೋಗುವಾಗ ಮೂರು ಗಂಟೆಗೆ ಹತ್ತಿರ, ಬರುವಾಗ ಅಷ್ಟೇ, ಬಹಳ ಸಲ ನಿಂತೇ. ಅವರ ಮಂಡಿಗಳ ಲೆಕ್ಕ ಯಾರು ಬರೆಯುತ್ತಿದ್ದಾರೋ.

ಹಾಗಾದರೆ ನೋವನ್ನು ಸದಾ ಹೇಳುತ್ತಲೇ ಇರಬೇಕೇ? ಇದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಸದಾ ನರಳುವವರ ಮನೆಯನ್ನು ನೀವು ನೋಡಿರಬಹುದು. ಅಲ್ಲಿ ನೋವೇ ಯಜಮಾನ. ಮಕ್ಕಳು ನಗುವ ಮುಂಚೆ ಒಳಗೆ ಇಣುಕಿ ನೋಡುತ್ತಾರೆ. ಬುದ್ಧ ಇದನ್ನು ಎರಡು ಬಾಣಗಳ ಮಾತಿನಲ್ಲಿ ಹೇಳಿದ್ದಾನೆ: ಮೈಗೆ ತಗುಲಿದ ನೋವು ಒಂದು ಬಾಣ, ಅದನ್ನು ಹಲುಬಿ ಹಲುಬಿ ನಾವೇ ಚುಚ್ಚಿಕೊಳ್ಳುವುದು ಎರಡನೆಯದು. ನನಗೆ ಅದು ನಿಜವೆನ್ನಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಎರಡನೆಯ ಬಾಣದ ಹೆದರಿಕೆಯಿಂದ ಮೊದಲನೆಯದನ್ನೇ ಸೆರಗಿನಲ್ಲಿ ಮುಚ್ಚುತ್ತೇವೆ. ಬಾಣ ಇಲ್ಲವೆನ್ನುವುದನ್ನು ಬುದ್ಧ ಕಲಿಸಲಿಲ್ಲ.

ಇದಕ್ಕೆ ಪಾಟಿ ಕಂಡುಕೊಂಡ ಉಪಾಯ ನನಗೆ ಇಷ್ಟ. ಅವರು ನೋವಿಗೊಂದು ಹೊತ್ತು ಕೊಟ್ಟಿದ್ದಾರೆ. ಸಾಯಂಕಾಲ ನಾಲ್ಕಕ್ಕೆ ಕಾಫಿ ಹಿಡಿದು ಜಗಲಿಗೆ ಬರುತ್ತಾರೆ, ನಾನೂ ಹೋಗುತ್ತೇನೆ. ಮೊದಲ ಕಾಲು ಗಂಟೆ ಪೂರ್ತಿ ನೋವಿನದು. ಯಾವ ಬೆರಳು ಮಡಿಸಲಿಲ್ಲ, ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಯಿತು, ಯಾವ ಮೆಟ್ಟಿಲ ಮೇಲೆ ನಿಂತು ಯಾರನ್ನು ಬೈದೆ, ಎಲ್ಲ ಬರಬೇಕು, ಬಚ್ಚಿಡುವಂತಿಲ್ಲ. ಒಬ್ಬರು ಹೇಳುವಾಗ ಇನ್ನೊಬ್ಬರು "ನನಗೂ ಹಾಗೇ" ಎಂದು ನಡುವೆ ಬಾಯಿ ಹಾಕುವಂತಿಲ್ಲ. ಲೋಟ ಕೆಳಗಿಟ್ಟರೆ ಮುಗಿಯಿತು. ಆಮೇಲೆ ಊರ ಸುದ್ದಿ, ಸೀರಿಯಲ್ಲು, ಯಾರ ಮಗಳು ಯಾರನ್ನು ಮದುವೆಯಾದಳು. ಬೇರೆ ಹೊತ್ತಿನಲ್ಲಿ ನೋವಿನ ಮಾತೆತ್ತಿದರೆ "ನಾಲ್ಕು ಗಂಟೆಗೆ ಬಾ" ಎನ್ನುತ್ತಾರೆ. ನನಗೆ ಹೇಳುವಂತೆಯೇ ತಮ್ಮ ಮಂಡಿಗೂ ಹೇಳುತ್ತಾರೆ, ನಾನೇ ಕೇಳಿದ್ದೇನೆ.

ಬೆಂಗಳೂರಿನ ಮಗಳಿಗೆ ನಾನು ಅವಳ ಮನೆಗೆ ಬಂದು ಇರಬೇಕೆಂದು ಆಸೆ. ಲಿಫ್ಟಿದೆ, ಕೆಲಸದವಳಿದ್ದಾಳೆ, "ನೀನು ಸುಮ್ಮನೆ ಕೂತಿರಮ್ಮ" ಎನ್ನುತ್ತಾಳೆ. ಅದು ಪ್ರೀತಿಯೆಂದು ನನಗೆ ಗೊತ್ತು. ಆದರೆ ವಯಸ್ಸಾದವರಿಂದ ಪ್ರೀತಿ ಮೊದಲು ಕಿತ್ತುಕೊಳ್ಳುವುದು ಅಡುಗೆಮನೆಯನ್ನು, ಆಮೇಲೆ ಬೀದಿಯನ್ನು, ಕೊನೆಗೆ ಕಾಲುಗಳನ್ನು. ಮಕ್ಕಳಿಗೆ ಭಾರವಾಗಬಾರದೆಂದು ಓಡಾಡಿಕೊಂಡಿರು ಎನ್ನುವವರ ಮಾತೂ ನನಗೆ ಪೂರ್ತಿ ರುಚಿಸುವುದಿಲ್ಲ. ಹಾಗೆ ನೋಡಿದರೆ, ನಡೆಯಲಾಗದ ದಿನ ನಾನು ಬದುಕಿರುವುದೇ ತಪ್ಪೆಂದಾಗುತ್ತದಲ್ಲ? ನಾವು ಅವರ ಭಾರ ಹೊರಲಿಲ್ಲವೇ, ಸೊಂಟದ ಮೇಲೆ, ಕೊಡ ಹೊತ್ತ ಹಾಗೆಯೇ? ಭಾರವಾಗುವ ಕಾಲ ಬಂದರೆ ಭಾರವಾಗಿ ಇರುತ್ತೇನೆ. ಅದುವರೆಗೆ ನಡೆಯುವುದು ನನ್ನ ಖುಷಿಗೆ.

ಅವಳು ರಾತ್ರಿ ಎಂಟೂವರೆಗೆ ಫೋನ್ ಮಾಡುತ್ತಾಳೆ. "ಹೇಗಿದ್ದೀಯಮ್ಮ?" "ಚೆನ್ನಾಗಿದ್ದೀನಿ, ನೀನು?" "ನಾನೂ ಚೆನ್ನಾಗಿದ್ದೀನಿ." ಎಷ್ಟೋ ವರ್ಷ ನಮ್ಮ ಮಾತು ಇಲ್ಲಿಂದ ಶುರುವಾಗಿ ಇಲ್ಲಿಗೇ ಮುಗಿಯುತ್ತಿತ್ತು. ಕಳೆದ ಶ್ರಾವಣದಲ್ಲಿ ಒಂದು ದಿನ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಡಮಂಡಿ ಹಿಂದಿನ ವಾರಕ್ಕಿಂತ ಹೆಚ್ಚು ನೋಯುತ್ತಿದೆ, ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಹೆದರುವಂಥದ್ದೇನೂ ಇಲ್ಲ, ಗುರುವಾರ ಡಾಕ್ಟರಿಗೆ ತೋರಿಸುತ್ತೇನೆ, ನೀನು ರಜ ಹಾಕಿ ಬರಬೇಡ, ಶುಕ್ರವಾರ ಅವರು ಏನೆಂದರೆಂದು ಕೇಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನು ಹೋಯಿತೇನೋ ಎಂದುಕೊಂಡೆ. ಆಮೇಲೆ ಅವಳು ಮೆಲ್ಲಗೆ, ಎರಡು ವರ್ಷದಿಂದ ತನಗೆ ಕುತ್ತಿಗೆಯಿಂದ ಬಲಗೈ ಬೆರಳಿನವರೆಗೆ ಸೆಳೆತವಿದೆ, ಕಂಪ್ಯೂಟರಿನ ಮುಂದೆ ಕೂತು ಕೂತು ಇರಬೇಕು, ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂದಳು. ನಾನು ಕುರ್ಚಿ ಎಳೆದುಕೊಂಡು ಕೂತೆ. "ಎಲ್ಲಿಂದ ಶುರುವಾಗುತ್ತದೆ, ಮೊದಲಿನಿಂದ ಹೇಳು" ಎಂದೆ.